ಮಜ್ಜಿಗೆ ಎಂದು ಬರೆದವರು

ಮೊನ್ನೆ ರಾಜೀವನಗರದ ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅವಳು ಫ್ರಿಜ್ಜಿನಿಂದ ಗಾಜಿನ ಸೀಸೆಯೊಂದನ್ನು ತೆಗೆದು ಮುಚ್ಚಳ ತಿರುಗಿಸಿದಳು. ಸುಯ್ಯೆಂದು ಗಾಳಿ ಹೊರಬಂತು. ಅದರ ಹಿಂದೆಯೇ ಆ ವಾಸನೆ... ಹುಳಿ ಹಾಲಿನದು, ಜೊತೆಗೆ ಬೇಕರಿಯ ಹಸಿ ಹಿಟ್ಟಿನದು. ನನಗೇ ಗೊತ್ತಿಲ್ಲದ ಹಾಗೆ ಎದ್ದು ಗೋಡೆಗೆ ಒತ್ತಿಕೊಂಡು ನಿಂತಿದ್ದೆ.

"ಏನಾಯ್ತೇ ನಿಂಗೆ?" ಅಂದಳು.

ಸೀಸೆಯ ಮೇಲೆ ಈಗಲೂ ಅದೇ ಪದವಿತ್ತು. ಮಜ್ಜಿಗೆ. ಅದನ್ನು ಅಲ್ಲಿ ಹಾಕಿದವಳು ನಾನು.

ಆಗ ನಾನು ಮೈಸೂರಿನ ಲಷ್ಕರ್ ಮೊಹಲ್ಲಾದ ಒಂದು ಅನುವಾದದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾವಿಬ್ಬರು: ಮೇಷ್ಟ್ರು ಮತ್ತು ನಾನು. ಕಾಲೇಜಿನಲ್ಲಿ ನನಗೆ ಕನ್ನಡ ಪಾಠ ಮಾಡಿದವರೇ ನಿವೃತ್ತರಾದ ಮೇಲೆ ಆ ಕಚೇರಿ ತೆರೆದಿದ್ದರು. ಔಷಧಿಯ ಚೀಟಿ, ಬಿಸ್ಕತ್ತಿನ ಪೊಟ್ಟಣ, ಮಿಕ್ಸಿಯ ಕೈಪಿಡಿ, ಬಂದದ್ದನ್ನೆಲ್ಲ ಕನ್ನಡಕ್ಕೆ ತರುತ್ತಿದ್ದೆವು. ಅದು ಹೊಟ್ಟೆಪಾಡು. ಮೇಷ್ಟ್ರ ನಿಜವಾದ ಕೆಲಸ ಒಂದು ಶೂ ಡಬ್ಬಿಯಲ್ಲಿತ್ತು.

ಹಾಲನ್ನು ಹುಳಿ ಬರಿಸಿ ಮಾಡುವ ಪಾನೀಯಗಳಿಗೆ ಯಾವ ಯಾವ ಭಾಷೆಯಲ್ಲಿ ಏನೇನು ಹೆಸರಿದೆ, ಅದು ಕನ್ನಡದಲ್ಲಿ ಏನಾಗಬೇಕು ಎಂದು ಅವರು ಕಾರ್ಡು ಬರೆಯುತ್ತಿದ್ದರು. ಒಂದು ಪಾನೀಯಕ್ಕೆ ಒಂದು ಕಾರ್ಡು. ಹೇಗೆ ಮಾಡುತ್ತಾರೆ, ಹೇಗೆ ಇಡುತ್ತಾರೆ, ಯಾರಿಗೆ ಕೊಡುತ್ತಾರೆ, ಇಷ್ಟು ತುಂಬಿದ ಮೇಲೆ 'ಹೇಳಿದವರು' ಎಂಬ ಸಾಲು. ಪಾನೀಯದ ಹೆಸರಿನ ಸಾಲು ಎಲ್ಲಕ್ಕಿಂತ ಕೊನೆಗೆ. ಕುಡಿದು ನೋಡದೆ ಆ ಸಾಲನ್ನು ಅವರು ಮುಟ್ಟುತ್ತಿರಲಿಲ್ಲ. ಕಡೆಗೋಲಿನಿಂದ ಮಜ್ಜಿಗೆ ಕಡೆಯುವುದನ್ನು ನೋಡಲೆಂದೇ ಬಸ್ಸು ಹತ್ತಿ ಇಲವಾಲಕ್ಕೆ ಹೋಗಿದ್ದರು. ಆ ಕಾರ್ಡಿನಲ್ಲಿ 'ಹೇಳಿದವರು: ಇಲವಾಲದ ಅಜ್ಜಿ, ಬೆಣ್ಣೆ ತೆಗೆಯುತ್ತಾ' ಎಂದಿದೆ. ಲಸ್ಸಿಗೂ ಮಜ್ಜಿಗೆಗೂ ಒಂದೇ ಪದ ಬಳಸಿದ್ದಕ್ಕೆ ನನ್ನಿಂದ ಒಂದು ಪುಟವನ್ನು ಮೂರು ಸಲ ಬರೆಸಿದ್ದರು. "ಹೆಸರು ನೋಡಿ ಜನ ಕುಡೀತಾರೆ ಕಣಮ್ಮ. ಕುಡಿಯೋರ ಜವಾಬ್ದಾರಿ ಹೆಸರಿಟ್ಟೋರದ್ದು" ಅನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹಾಲಿನ ಕಂಪನಿಯೊಂದು ಹೊಸ ಪಾನೀಯದ ಲೇಬಲ್ಲು ಕಳಿಸಿತು. ಕೆಫಿರ್. ಹಾಲಿಗೆ ಹೂಕೋಸಿನ ಚೂರಿನಂಥ ಬಿಳಿ ಗಂಟುಗಳನ್ನು ಹಾಕಿ ಹುಳಿ ಬರಿಸುವುದು. ಸೀಸೆಗೆ ತುಂಬಿದ ಮೇಲೂ ಅದು ಹುಳಿಯುತ್ತಲೇ ಇರುತ್ತದೆ, ಒಳಗೆ ಗಾಳಿ ಕಟ್ಟುತ್ತದೆ. ಕಂಪನಿ ಸ್ಟೀಲಿನ ಕ್ಯಾನಿನಲ್ಲಿ ಕೊಟ್ಟ ಮಾದರಿಯನ್ನು ಮೇಷ್ಟ್ರು ಎರಡು ದಿನ ಕುಡಿದರು. ಆಮೇಲೆ ಲೇಬಲ್ಲಿಗೆ ಬರೆದುಕೊಟ್ಟರು: ಕೆಫಿರ್. ತಣ್ಣಗೆ ಇಡಿ. ಅಲ್ಲಾಡಿಸಬೇಡಿ. ನಿಧಾನವಾಗಿ ತೆರೆಯಿರಿ.

ಮೇಷ್ಟ್ರು ಊಟಕ್ಕೆ ಹೋಗಿದ್ದಾಗ ಕಂಪನಿಯ ಮ್ಯಾನೇಜರು ಫೋನು ಮಾಡಿದ. ಬಹಳ ನಯವಾದ ದನಿ.

"ಮೇಡಂ, ಕೆಫಿರ್ ಅಂದ್ರೆ ಯಾರ್ರೀ ತಗೋತಾರೆ? ಮಜ್ಜಿಗೆ ಅಂತ ಹಾಕ್ಬುಡಿ. ಕೆಳಗಡೆ ಆ ಮೂರು ಲೈನು ತೆಗೀರಿ, ಜಾಗ ಇಲ್ಲ. ಮಜ್ಜಿಗೆ ಎಂಗೆ ಇಡೋದು ಅಂತ ಮೈಸೂರಿನೋರ್ಗೆ ನಾವು ಹೇಳ್ಕೊಡ್ಬೇಕಾ?"

"ಮೇಷ್ಟ್ರನ್ನ ಕೇಳ್ಬೇಕು ಸಾರ್."

"ಪ್ರಿಂಟಿಗೆ ಇವತ್ತೇ ಹೋಗ್ಬೇಕು ಕಣ್ರೀ. ನೀವೂ ಎಂ.ಎ. ಮಾಡಿದೀರಲ್ಲ?"

ಆ ಕೊನೆಯ ಮಾತಿಗೆ ನಾನು ಉಬ್ಬಿದೆ. ಇವತ್ತಿಗೂ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ. ಎರಡು ನಿಮಿಷದಲ್ಲಿ ಹೆಸರು ಬದಲಾಯಿಸಿ, ಮೂರು ಸಾಲು ಅಳಿಸಿ ಕಳಿಸಿದೆ. ಮೇಷ್ಟ್ರು ಬಂದಾಗ ಹೇಳಲಿಲ್ಲ. ನಾಳೆ ಹೇಳೋಣವೆಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ...

ರಾಮನವಮಿ ಬಂತು. ನಮ್ಮ ಕಚೇರಿಯ ಬೀದಿಯಲ್ಲಿ ಪ್ರತಿ ವರ್ಷ ಚಪ್ಪರ ಹಾಕಿ ಪಾನಕ, ಕೋಸಂಬರಿ, ಮಜ್ಜಿಗೆ ಹಂಚುತ್ತಿದ್ದರು. ಆ ವರ್ಷ ಮಜ್ಜಿಗೆ ತಮ್ಮದೆಂದು ಕಂಪನಿಯವರು ಬೆಳಿಗ್ಗೆಯೇ ಕ್ರೇಟುಗಟ್ಟಲೆ ಸೀಸೆ ಇಳಿಸಿ ಹೋಗಿದ್ದರು. ಮಜ್ಜಿಗೆಯನ್ನು ಯಾರು ಐಸಿನಲ್ಲಿಡುತ್ತಾರೆ? ಕ್ರೇಟುಗಳು ಫುಟ್‌ಪಾತಿನಲ್ಲೇ ಇದ್ದವು. ಹನ್ನೆರಡರ ಹೊತ್ತಿಗೆ ಪೂರ್ತಿ ಬಿಸಿಲಲ್ಲಿದ್ದವು.

ನಮ್ಮ ಬೀದಿಯಲ್ಲಿ ಹೂ ಮಾರುತ್ತಿದ್ದ ಹೂವಿನಮ್ಮ ಹಂಚಲು ನಿಂತಿದ್ದಳು. ಅವಳು ಒಂದು ಸೀಸೆಯನ್ನು ಎತ್ತಿ ನೋಡಿದಳು. "ಸಾಮಿ, ಇದರ ಮುಚ್ಚಳ ಉಬ್ಕಂಡದೆ. ಕೆಟ್ಟೋಗ್ಬುಟ್ಟದೇನೋ ನೋಡಿ."

ಮೇಷ್ಟ್ರು ಸೀಸೆ ಇಸಿದುಕೊಂಡು ಕನ್ನಡಕ ಮೇಲೆತ್ತಿ ಲೇಬಲ್ಲು ಓದಿದರು. ನಾನು ಹತ್ತಡಿ ದೂರದಲ್ಲಿ ಪಾನಕದ ಲೋಟ ಹಿಡಿದು ನಿಂತಿದ್ದೆ. ನನಗೆ ಎಲ್ಲ ಗೊತ್ತಿತ್ತು. ಬಾಯಿ ತೆರೆದರೆ ಅಷ್ಟು ಜನರೆದುರು ಲೇಬಲ್ಲಿನ ಕಥೆ ಹೇಳಬೇಕಾಗುತ್ತಿತ್ತು.

"ಕೆಟ್ಟಿಲ್ಲಮ್ಮ. ಇವರು ಮಜ್ಜಿಗೇನೂ ಮಾಡ್ತಾರೆ ಅಂತ ಕಾಣತ್ತೆ" ಅಂದರು ಮೇಷ್ಟ್ರು. "ಇವರ ಲೇಬಲ್ಲೆಲ್ಲ ನಮ್ಮಲ್ಲೇ ಆಗೋದು. ನಮ್ಮ ಹುಡುಗಿ ಬರೆದಿರ್ತಾಳೆ, ತಪ್ಪಿರಲ್ಲ. ತಿಳಿ ಮೇಲೆ ನಿಂತಿದೆ ಅಷ್ಟೇ, ಅಲ್ಲಾಡಿಸಿದ್ರೆ ಸರಿಹೋಗತ್ತೆ."

ಮಜ್ಜಿಗೆಯನ್ನು ಎಲ್ಲರೂ ಅಲ್ಲಾಡಿಸುತ್ತಾರೆ. ಅವರೂ ಅಲ್ಲಾಡಿಸಿದರು.

ಪಟಾಕಿಯಂಥ ಸದ್ದಿನೊಂದಿಗೆ ಸೀಸೆ ಸಿಡಿಯಿತು. ಹೂವಿನಮ್ಮನ ಸೆರಗಿನ ತುಂಬ ಬಿಳಿ. ಮೇಷ್ಟ್ರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದರು. ನೆಲದ ಮೇಲಿನ ಬಿಳಿಯದರಲ್ಲಿ ಕೆಂಪು ಹರಿದು ಸೇರುತ್ತಿತ್ತು. ನನ್ನ ಲೋಟ ಆಗಲೂ ಕೈಯಲ್ಲೇ ಇತ್ತು. ಆ ಹತ್ತಡಿಯನ್ನು ನಾನು ದಿನಾ ಅಳೆಯುತ್ತೇನೆ. 'ಬೇಡ ಸಾರ್' ಎಂಬ ಎರಡು ಪದಕ್ಕೆ ಎಷ್ಟು ಹೊತ್ತು ಬೇಕು...

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಒಂದೇ ಪ್ರಶ್ನೆ ಕೇಳಿದರು. "ಹೆಸರು ಬದಲಾಯಿಸಿದ್ದು ಯಾರಮ್ಮ?"

"ಕಂಪನಿಯೋರು ಸಾರ್" ಅಂದೆ.

ಅವರು ತಲೆಯಾಡಿಸಿದರು. ಮತ್ತೆ ಯಾವತ್ತೂ ಕೇಳಲಿಲ್ಲ.

ಅಂಗೈಯ ನರ ಕಡಿದಿತ್ತು. ಹೊಲಿದರೂ ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಮುಟ್ಟಲಿಲ್ಲ. ಪೆನ್ನು ನಿಲ್ಲಲಿಲ್ಲ. ಕಂಪನಿ ಒಂದು ಹೂಗುಚ್ಛ ಕಳಿಸಿತು. ಸೀಸೆಯನ್ನು ಬಿಸಿಲಲ್ಲಿಟ್ಟು ಅಲ್ಲಾಡಿಸಿದ್ದು ಬಳಸಿದವರ ತಪ್ಪು ಎಂದು ಪತ್ರ ಬರೆಯಿತು. ಅದನ್ನು ಕನ್ನಡಕ್ಕೆ ಮಾಡಿಕೊಡಿ ಎಂದು ನಮ್ಮ ಕಚೇರಿಗೇ ಕಳಿಸಿದ್ದರು. ಅಷ್ಟು ಸಿಟ್ಟಿನಲ್ಲೂ ನಾನು ಆ ಪತ್ರವನ್ನು ಹರಿದದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಮಾಡಿದ್ದರೆ ನನ್ನ ಎರಡು ನಿಮಿಷದ ಕೆಲಸವೂ ಹೊರಬರುತ್ತಿತ್ತು. ಕಚೇರಿ ಮುಚ್ಚಿತು. ಎರಡು ವರ್ಷದ ಮೇಲೆ ಮೇಷ್ಟ್ರೂ ಹೋದರು, ಬೇರೆ ಕಾಯಿಲೆಯಿಂದ. ಅವರ ಮಗಳು ಶೂ ಡಬ್ಬಿಯನ್ನು ತಂದುಕೊಟ್ಟು, "ಇದು ನಿಮಗೇ ಅಂತ ಹೇಳಿದ್ರು" ಅಂದಳು. ನಾನದನ್ನು ತೆರೆಯದೆ ಬೀರುವಿನ ಮೇಲಿಟ್ಟೆ.

ಮೊನ್ನೆ ಗೆಳತಿಯ ಮನೆಯಿಂದ ಬಂದವಳು ಅದನ್ನು ಇಳಿಸಿದೆ. ಮುದ್ದಾದ ಅಕ್ಷರದ ಕಾರ್ಡುಗಳು ಒಂದರ ಹಿಂದೊಂದು. ಕೊನೆಯದು ಮಾತ್ರ ಬೇರೆ. ಎಡಗೈಯಲ್ಲಿ ಬರೆದದ್ದು, ಅಕ್ಷರಗಳು ಒಂದೊಂದು ಕಡೆ ವಾಲಿವೆ. ಹೇಗೆ ಮಾಡುತ್ತಾರೆ, ಹೇಗೆ ಇಡಬೇಕು, ಎಲ್ಲ ತುಂಬಿದ್ದಾರೆ. ಹೆಸರು: ಕೆಫಿರ್. ಅದರ ಕೆಳಗೆ, 'ಲೇಬಲ್ಲಿನಲ್ಲಿ: ಮಜ್ಜಿಗೆ'. ಪಕ್ಕದಲ್ಲಿ, 'ಹೇಳಿದವರು'.

ಆ ಸಾಲು ಖಾಲಿ ಇತ್ತು. ಅಷ್ಟೂ ಕಾರ್ಡುಗಳಲ್ಲಿ ಅವರು ಖಾಲಿ ಬಿಟ್ಟದ್ದು ಅದೊಂದೇ.

ಇವತ್ತು ಬೆಳಿಗ್ಗೆ ಅಲ್ಲಿ ನನ್ನ ಹೆಸರು ಬರೆದೆ. ನೋಡಿ ಸರಿ ಎನ್ನಲು ಮೇಷ್ಟ್ರಿಲ್ಲ.