ಚೈತ್ರಾಳ ಒಲೆಯ ಇದ್ದಿಲು

ದೆವ್ವ, ಮಾಟ, ಗಾಳಿ ಸೋಕುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಕಾಗದನಗರದ ಕ್ವಾರ್ಟರ್ಸಿನಲ್ಲಿ ಪಕ್ಕದ ಸಾಲಿನ ತಮಿಳಮ್ಮ ಹುಣಸೆಮರದ ಕೆಳಗೆ ಏನನ್ನೋ ಕಂಡೆ ಅಂತ ಹೆದರಿ ಮಲಗಿದ್ದಾಗ, "ಎದ್ದು ಒಂದು ಲೋಟ ಮಜ್ಜಿಗೆ ಕುಡಿ, ಪಿತ್ತ ಇಳಿಯುತ್ತೆ" ಅಂತ ಬೈದು ಬಂದವಳು ನಾನು. ಮಕ್ಕಳಿಗೆ ದೃಷ್ಟಿ ತೆಗೆಯುತ್ತಿದ್ದೆ, ಅದು ಬೇರೆ. ತಲೆ ಬಾಚಿದ ಹಾಗೆ, ಕಾಡಿಗೆ ಹಚ್ಚಿದ ಹಾಗೆ ಅದೂ ಒಂದು ಕೆಲಸ. ಅದಕ್ಕೆ ನಂಬಿಕೆ ಏನೂ ಬೇಕಾಗಿರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ನೀವು ನಂಬಲೇಬೇಕು ಅಂತ ಹಟ ಇಲ್ಲ, ಆದದ್ದನ್ನು ಹೇಳ್ತೀನಿ.

ಕೆಲವು ವರ್ಷದ ಹಿಂದಿನ ಬೇಸಿಗೆ. ನನ್ನ ಮಗಳ ಮಗಳು ಚೈತ್ರಾ ನೆಲ ಅಗೆದು ಹಳೇ ಕಾಲದ ಊರು ಹುಡುಕೋ ವಿದ್ಯೆ ಕಲಿತವಳು. ಶಿವಮೊಗ್ಗದ ಸವಳಂಗ ರಸ್ತೆ ಕಡೆಯ ಒಂದು ಕಾಲೇಜಿನಲ್ಲಿ ಅಂಥವರಿಗಾಗಿ ಬೇಸಿಗೆ ಶಾಲೆ ಇಟ್ಟಿದ್ದರು. ಅಗೆದಾಗ ಸಿಗೋ ಇದ್ದಿಲು, ಮೂಳೆ ಎಷ್ಟು ವರ್ಷದ್ದು ಅಂತ ಲ್ಯಾಬಿನವರು ಹೇಳ್ತಾರಲ್ಲ, ಆ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹೇಗೆ ಜೋಡಿಸಿಡಬೇಕು, ಯಾವುದನ್ನು ನಂಬಬೇಕು, ಯಾವುದನ್ನು ಪಕ್ಕಕ್ಕಿಡಬೇಕು ಅಂತ ಕಲಿಸೋ ಶಾಲೆ.

"ಅಂದ್ರೆ ಬೂದಿಗೆ ಜಾತಕ ಬರೀತೀರಾ ಅನ್ನು" ಅಂದೆ.

"ಹೂಂ ಅಜ್ಜಿ. ಆದ್ರೆ ನಮ್ಮ ಜಾತಕದಲ್ಲಿ ಹುಟ್ಟಿದ ವರ್ಷಾನ ಹೆಚ್ಚೂಕಮ್ಮಿ ಇಷ್ಟು ಅಂತಾನೇ ಬರೆಯೋದು" ಅಂತ ನಕ್ಕಳು.

ಅವಳಿಗಾಗ ಏಳು ತಿಂಗಳ ಹೆಣ್ಣುಮಗು. ಶಾಲೆ ಪೂರ್ತಿ ಮುಗಿಸಿದರೆ ಅವಳ ಅಗೆತದ ತಂಡದಲ್ಲಿ ಮತ್ತೆ ಕೆಲಸ ಕೊಡ್ತೀವಿ ಅಂದಿದ್ದರು, ನಡುವೆ ಬಿಟ್ಟರೆ ಇಲ್ಲ. ಆಯನೂರಿನ ಅವಳ ಅತ್ತೆಗೆ ಕಳಿಸೋ ಮನಸ್ಸೇ ಇರಲಿಲ್ಲ. ಮಗುವಿಗೆ ಏನಾದರೂ ಆದರೆ ಅವತ್ತೇ ವಾಪಸ್ಸು ಬರಬೇಕು ಅಂತ ಮಾತು ತಗೊಂಡು ಕಳಿಸಿದ್ದರು. ಮಗು ನೋಡಿಕೊಳ್ಳೋಕೆ ನಾನು ಭದ್ರಾವತಿಯಿಂದ ಬಂದು ಹಾಸ್ಟೆಲ್ ರೂಮಿನಲ್ಲಿ ಅವಳ ಜೊತೆಗಿದ್ದೆ.

ಶಾಲೆ ಮುಗಿಯೋಕೆ ಒಂದು ದಿನ ಇತ್ತು. ಮಧ್ಯಾಹ್ನ ಕರೆಂಟ್ ಹೋಗಿತ್ತು. ಮಗು ಬೆಳಿಗ್ಗೆಯಿಂದ ಒಂದೇ ಸಮ ಅಳುತ್ತಿತ್ತು. ಓಮದ ನೀರು ಕುಡಿಸಿದೆ. ಬಟ್ಟೆ ಬಿಚ್ಚಿ ಇರುವೆ ಕಚ್ಚಿದೆಯಾ ನೋಡಿದೆ. ಹೆಗಲಿಗೆ ಹಾಕಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದೆ. ಜ್ವರ ಇಲ್ಲ, ಹೊಟ್ಟೆ ಉಬ್ಬರ ಇಲ್ಲ, ಅಳು ಮಾತ್ರ ನಿಲ್ಲಲಿಲ್ಲ. ನನಗೂ ಒಂದು ಕಡೆ ಕೂರಲಾಗದ ಚಡಪಡಿಕೆ. ಅದೇ ಹೊತ್ತಿಗೆ ಅತ್ತೆಯ ಫೋನು.

"ಯಾಕಮ್ಮಾ ಮಗು ಹಾಗೆ ಕಿರುಚ್ತಿದೆ? ಚಿಕ್ಕ ಮಗನ ಕೈಲಿ ಕಾರು ಕಳಿಸ್ತಿದ್ದೀನಿ, ಇಬ್ಬರನ್ನೂ ಹೊರಡಿಸಿ. ನಿಮ್ಮ ಮೊಮ್ಮಗಳಿಗೆ ಇದ್ದಿಲಿನ ಮೇಲಿರೋ ಅಕ್ಕರೆ ಮಗು ಮೇಲಿಲ್ಲ."

"ಅಳದೇ ಬೆಳೆದೋರು ನಿಮ್ಮನೇಲಿ ಯಾರಿದ್ದಾರೆ ಮಾರಾಯ್ತಿ? ನಿಮ್ಮ ಮಗ ಮದುವೇಲಿ ಹೋಮದ ಹೊಗೆಗೇ ಅತ್ತಿದ್ದ" ಅಂದೆ. ಫೋನು ಇಟ್ಟರು. ಕಾರು ಹೊರಟಿತು ಅಂತ ಗೊತ್ತಾಯಿತು.

ಬೇರೆ ಏನೂ ತೋಚದೆ ದೃಷ್ಟಿ ತೆಗೆಯೋಣ ಅಂದುಕೊಂಡೆ. ನಮ್ಮಲ್ಲಿ ಒಲೆಯಿಂದ ಕೆಂಡ ತಗೊಂಡು, ಮಗುವಿಗೆ ನಿವಾಳಿಸಿ, ಅರಿಶಿನದ ನೀರಿಗೆ ಹಾಕ್ತೀವಿ. ಹಾಸ್ಟೆಲಿನಲ್ಲಿ ಕೆಂಡ ಎಲ್ಲಿಂದ ತರಲಿ? ಮಗುವಿನ ಚೀಲ ಹುಡುಕಿದೆ. ತಳದಲ್ಲಿ ಬೆಳ್ಳಿ ಕಾಗದದ ಪೊಟ್ಟಣ, ಒಳಗೆ ಇದ್ದಿಲಿನ ತುಂಡು. ಎಳೇ ಮಗುವನ್ನು ಊರು ದಾಟಿಸುವಾಗ ಚೀಲದಲ್ಲಿ ಇದ್ದಿಲು ಹಾಕೋದು ನಮ್ಮವರ ಪದ್ಧತಿ. ಅತ್ತೆ ಹಾಕಿರಬೇಕು, ಅಷ್ಟಾದರೂ ಬುದ್ಧಿ ಇದೆಯಲ್ಲ ಅಂದುಕೊಂಡೆ. ಕೆಂಡ ಇಲ್ಲದಿದ್ದರೆ ಇದೇ ಸಾಕು. ಹೂಜಿಯಿಂದ ತಣ್ಣೀರು ಬಗ್ಗಿಸಿ ಅರಿಶಿನ ಕದಡಿದೆ. ಇದ್ದಿಲು ಹಗುರವಾಗಿ ಒಣಗಿತ್ತು, ತಣ್ಣಗಿತ್ತು. ಬೆರಳಿಗೆ ಕಪ್ಪು ಹತ್ತಿತು. ನಿವಾಳಿಸಿ ಬಟ್ಟಲಿಗೆ ಹಾಕಿದೆ.

ಚೊಂಯ್ ಅಂತು.

ಉರಿಯೋ ಒಲೆಯಿಂದ ಈಗಷ್ಟೇ ತೆಗೆದ ಕೆಂಡ ನೀರಿಗೆ ಬಿದ್ದ ಸದ್ದು. ಆವಿ ಎದ್ದು ನನ್ನ ಮುಖಕ್ಕೆ ಹೊಡೆಯಿತು. ಸೌದೆ ಆರಿದ ವಾಸನೆ ಬಂತು. ಹಿಂದೆ ತಿರುಗಿ ನೋಡಿದೆ, ಯಾರೂ ಇಲ್ಲ. ಮಗು ಅಳು ನಿಲ್ಲಿಸಿ ಬಟ್ಟಲನ್ನೇ ನೋಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿ ಮಲಗಿತು.

ಚೈತ್ರಾ ಓಡಿ ಬಂದಳು. ಅತ್ತೆ ಅವಳಿಗೂ ಫೋನ್ ಮಾಡಿದ್ದರು. ಮಲಗಿದ್ದ ಮಗುವನ್ನು ಕಂಡು ಉಸಿರು ಬಿಟ್ಟಳು, ಬಿಚ್ಚಿದ ಪೊಟ್ಟಣ ಕಂಡು ಖಾಲಿ ಕಾಗದ ಎತ್ತಿ ಹಿಡಿದಳು.

"ಅಜ್ಜೀ, ಇದನ್ಯಾಕೆ ತೆಗೆದೆ? ನನ್ನ ಒಲೆದು ಕಣೇ ಇದು!"

ಬಸುರಿಯಾಗಿದ್ದಾಗ ಅವಳೇ ಅಗೆದು ತೆಗೆದ ಒಲೆಯಂತೆ. ಸಾವಿರಾರು ವರ್ಷದ ಹಿಂದೆ ಯಾವಳೋ ಅಡುಗೆ ಮಾಡಿದ್ದು. ಉಳಿದಿದ್ದು ಇದೊಂದೇ ತುಂಡು. ಮಾರನೇ ದಿನ ಎಲ್ಲರಿಗೂ ತೋರಿಸಿ, ಆಮೇಲೆ ಲ್ಯಾಬಿಗೆ ಕಳಿಸಬೇಕಿತ್ತು. ಎಲ್ಲಿ ಹೋದರೂ ಮರೆಯದ ಚೀಲ ಅಂತ ಮಗುವಿನ ಚೀಲದಲ್ಲಿ ಇಟ್ಟಿದ್ದಳು.

"ಮಗು ಚೀಲದಲ್ಲಿಟ್ಟರೆ ಮಗುವಿಂದೇ ಅಂದ್ಕೋತೀನಿ. ಇನ್ನೇನು ಅಂದ್ಕೋಬೇಕಿತ್ತು?" ಅಂದೆ.

ಅವಳು ಇದ್ದಿಲು ತೆಗೆಯೋಕೆ ಬಟ್ಟಲಿಗೆ ಕೈ ಹಾಕಿದಳು. ಹಾ ಅಂತ ಹಿಂದಕ್ಕೆ ಎಳೆದುಕೊಂಡು ಬೆರಳನ್ನು ಬಾಯಿಗಿಟ್ಟುಕೊಂಡಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ತಣ್ಣಗಿದ್ದ ಇದ್ದಿಲು ಚೊಂಯ್ ಅಂದದ್ದನ್ನು ಅವಳಿಗೆ ಹೇಳಿದೆ.

ಕಾರು ಬಂತು. ಅವಳ ಮೈದುನ ಹಾಯಾಗಿ ಮಲಗಿದ ಮಗುವನ್ನು ನೋಡಿ, "ಅಮ್ಮಂಗೆ ಸುಮ್ನೆ ಗಾಬರಿ" ಅಂತ ಒಬ್ಬನೇ ವಾಪಸ್ಸು ಹೋದ. ಚೈತ್ರಾ ಉಳಿದಳು.

ಸಂಜೆ ಲ್ಯಾಪ್‌ಟಾಪ್ ತೆಗೆದು ಕೂತಳು. ಇಂಥ ವಸ್ತುವಿಗೆ ಏನೇ ಆದರೂ ಮುಚ್ಚಿಡದೆ ಬರೆಯಬೇಕಂತೆ. ಇಲ್ಲದಿದ್ದರೆ ಮುಂದೆ ಯಾರೋ ಸುಳ್ಳು ಅಂಕಿಯನ್ನು ನಿಜ ಅಂತ ನಂಬಿಬಿಡ್ತಾರಂತೆ. ಬರೆದದ್ದನ್ನು ಓದಿ ಹೇಳಿದಳು: "ನೀರು, ಅರಿಶಿನ ತಾಗಿದೆ. ಕಾಲ ತಿಳಿಯಲು ಬಳಸಬಾರದು."

"ಚೊಂಯ್ ಅಂದದ್ದು? ನಿನ್ನ ಬೆರಳು ಸುಟ್ಟದ್ದು?"

"ಅದಕ್ಕೆ ಕಾಲಂ ಇಲ್ಲ ಅಜ್ಜಿ" ಅಂತ ಮಗುವನ್ನು ಹಾಲು ಕುಡಿಸೋಕೆ ಎತ್ತಿಕೊಂಡಳು.

ಮಾರನೇ ದಿನ ನಿಂತು ಎಲ್ಲರೆದುರು ಅಷ್ಟನ್ನೇ ಹೇಳಿದಳು. ಮೇಷ್ಟ್ರು ಬೈಯಲಿಲ್ಲವಂತೆ. ಕೆಲಸವೂ ಸಿಕ್ಕಿತು.

ಒಣಗಿದ ಇದ್ದಿಲು ನೀರು ಹೀರುವಾಗ ಸದ್ದು ಮಾಡುತ್ತೆ ಅಂತ ಅವಳ ಜೊತೆಯ ಹುಡುಗಿಯೊಬ್ಬಳು ನನಗೆ ವಿವರಿಸಿದಳು. ಊರಿಗೆ ಬಂದು ಇಸ್ತ್ರಿ ಅಂಗಡಿಯಿಂದ ಇದ್ದಿಲು ತಂದು ನೀರಿಗೆ ಹಾಕಿ ನೋಡಿದೆ. ಸಣ್ಣಗೆ ಚಿಟಚಿಟ ಅಂದಿತು. ನೀರು ತಣ್ಣಗೇ ಇತ್ತು. ಚೈತ್ರಾಳನ್ನು ಕೇಳಿದರೆ, "ಬಿಸಿಲಿಗೆ ನೀರು ಕಾದಿತ್ತು ಬಿಡು" ಅಂತಾಳೆ. ನೆರಳಲ್ಲಿದ್ದ ಹೂಜಿ ನೀರು! ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೈಯಲ್ಲಿ ಹಿಡಿದವಳು ನಾನು, ಅದು ತಣ್ಣಗಿತ್ತು.

ಮೊನ್ನೆ ಅದೇ ಹುಡುಗಿ ಮನೆಗೆ ಬಂದಾಗ ನಗುತ್ತಾ ಹೇಳಿದಳು: ಅಗೆಯುವಾಗ ಇದ್ದಿಲು ಸಿಕ್ಕಿದರೆ ಚೈತ್ರಾ ತಕ್ಷಣ ಮುಟ್ಟಲ್ಲವಂತೆ. ದೋಸೆ ಕಾವಲಿ ಕಾದಿದೆಯಾ ಅಂತ ನೋಡುವ ಹಾಗೆ, ಮೊದಲು ಅಂಗೈಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಿಡಿಯುತ್ತಾಳಂತೆ.