ಬಂದಾದ ಊರಿನಲ್ಲಿ ಜನತಾ ಮನೆಯ ಸಭೆ

ಎಪ್ಪತ್ತರ ದಶಕದ ಒಂದು ಮಳೆಗಾಲ. ವಾಂತಿಭೇದಿ ಹಬ್ಬಿ ಕಾಪು ಪೇಟೆಯನ್ನೇ ಮುಚ್ಚಿಸಿದ್ದರು. ಹೋಟೆಲಿಲ್ಲ, ಮೀನಿನ ಮಾರ್ಕೆಟಿಲ್ಲ, ಕಟಪಾಡಿ ಕಡೆಯ ಬಸ್ಸೂ ನಿಲ್ಲದೆ ಹೋಗುತ್ತಿತ್ತು. ನಾನು ಅಲ್ಲಿನ ಶಾಲೆಯಲ್ಲಿ ಟೀಚರು. ಕಾರ್ಕಳದ ಮನೆಗೆ ಹೋಗುವ ಹಾಗಿಲ್ಲ, ಬಾಡಿಗೆ ಕೋಣೆಯಲ್ಲಿ ಕುದಿಸಿದ ನೀರು ಕುಡಿಯುತ್ತ ಕೂತು ಸಾಕೋ ಸಾಕಾಗಿತ್ತು. ಅಷ್ಟರಲ್ಲಿ, ಸ್ವಂತ ಮನೆಯಿಲ್ಲದ ಬಡವರಿಗೆ ಸರಕಾರದ ಜನತಾ ಮನೆ ಹಂಚುವ ಸಭೆ ಶಾಲೆಯಲ್ಲೇ ಎಂದರು. ಬೀಗದ ಕೈ ನನ್ನ ಹತ್ತಿರ. ಬಾಗಿಲು ತೆಗೆದುಕೊಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಇನ್ನೊಬ್ಬರ ಮನೆ ಸಂಗತಿ ಕೇಳುವುದೆಂದರೆ ನನಗೆ ಪ್ರಾಣ, ಏನು ಮಾಡಲಿ!

ಶುರುವಾಗುವ ಮೊದಲೇ ಜಗಳ. "ಊರೇ ಬಂದ್ ಇರುವಾಗ ಎಂತ ಸಭೆ ಮಾರಾಯ್ರೇ? ಜನ ಬರುವುದು ಬೇಡ್ವಾ?" ಎಂದರು ಒಬ್ಬ ಜಮೀನುದಾರರು. ಮನೆಗಳು ಬರುವುದು ಅವರ ತೋಟದ ಪಕ್ಕದ ಗುಡ್ಡೆಯಲ್ಲಿ. ಮೀನು ಒಣಗಿಸುವವರು ನೆರೆಗೆ ಬರುತ್ತಾರೆಂಬುದೇ ಅವರ ತಲೆನೋವು, ಅದು ಎಲ್ಲರಿಗೂ ಗೊತ್ತು.

"ಬಂದ್ ಮುಗಿಯುವವರೆಗೆ ಕಡಲು ಕಾಯ್ತದಾ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ನನ್ನ ಬಾಗಿಲಿಗೆ ಮೀನು ತರುತ್ತಿದ್ದ ಹೆಂಗಸು. ಅವಳ ತಾಯಿಯ ಮನೆಯನ್ನು ಹಿಂದಿನ ವರ್ಷ ಕಡಲು ನುಂಗಿತ್ತು. ಈಗ ಗಂಡ, ಮಕ್ಕಳನ್ನು ಕಟ್ಟಿಕೊಂಡು ಯಾರದೋ ತೋಟದ ಮೂಲೆಯಲ್ಲಿ ತೆಂಗಿನ ಮಡಲಿನ ಗುಡಿಸಲು. ಮಳೆ ಮುಗಿದ ಕೂಡಲೇ ಜಾಗ ಖಾಲಿ ಮಾಡಿ ಎಂದು ತೋಟದವರು ಹೇಳಿಯಾಗಿತ್ತು.

ಉಡುಪಿಯಿಂದ ಜೀಪಿನಲ್ಲಿ ಬಂದ ಅಧಿಕಾರಿ ಘಟ್ಟದ ಮೇಲಿನವರು. ಅವಳ ಗಂಡನನ್ನು ಕರೆದು, "ನಿಮಗೆ ಮನೆ ಇದೆಯಾ?" ಎಂದರು.

ಗಂಡ ಎದೆಯೆತ್ತಿ ಹೇಳಿದ: "ಇಲ್ಲದೆ ಎಂತ ಸಾರ್? ಹೆಜಮಾಡಿಯಲ್ಲಿ ದೊಡ್ಡ ಮನೆ ಉಂಟು. ನಾನೇ ಯಜಮಾನ."

ಅಯ್ಯೋ ದೇವರೇ! ಹೋಯಿತಲ್ಲ!

"ಮತ್ತೆ ಇಲ್ಲಿಗೇಕೆ ಬಂದಿರಿ?" ಅಧಿಕಾರಿಯ ಮುಖ ಗಂಟಾಯಿತು.

ಹೆಂಡತಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಅದು ಇವರ ಅಕ್ಕನ ಮನೆ ಸಾರ್. ನಮ್ಮಲ್ಲಿ ಮನೆ ಹೆಣ್ಣಿನದ್ದು. ಕೋಲ, ಪೂಜೆ ಅಂತ ದೈವದ ಕೆಲಸಕ್ಕೆಲ್ಲ ಮುಂದೆ ನಿಲ್ಲುವ ಯಜಮಾನ ಇವರೇ, ಸರಿ. ಆದರೆ ನಾನು, ಮಕ್ಕಳು ಅಲ್ಲಿ ನೆಂಟರು. ಉಂಡು ಬರಬಹುದು, ಉಳಿಯುವ ಹಾಗಿಲ್ಲ."

ನನ್ನ ಕಿವಿ ನೆಟ್ಟಗಾಯಿತು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನ ಎಂಬ ಶಬ್ದ ಕೇಳಿದ್ದೆ, ಒಳಗಿನದು ತಿಳಿದಿರಲಿಲ್ಲ. ನಮ್ಮ ಕೊಂಕಣಿ ಕ್ರಿಶ್ಚಿಯನ್ನರಲ್ಲಿ ಮನೆ ಗಂಡುಮಕ್ಕಳಿಗೆ, ಮದುವೆಯಾದ ಮಗಳು ನೆಂಟಳು. ಇಲ್ಲಿ ನೋಡಿದರೆ ಯಜಮಾನನ ಮಕ್ಕಳೇ ನೆಂಟರು! ಹಾಗಾದರೆ ಇವನ ನಂತರ ಯಜಮಾನ ಯಾರು? ತಮ್ಮನೋ ಅಕ್ಕನ ಮಗನೋ. ಇವನ ಹೆಂಡತಿ, ಮಕ್ಕಳು ಎಲ್ಲಿಗೆ? ಅವಳ ತಾಯಿಯ ಮನೆಗೆ. ಆ ಮನೆ ಕಡಲಿಗೆ ಹೋದರೆ? ಪಕ್ಕದ ಹೆಂಗಸನ್ನು ಪಿಸುಗುಟ್ಟಿ ಕೇಳುತ್ತಲೇ ಇದ್ದೆ.

ಹೆಜಮಾಡಿಯ ಅಕ್ಕನನ್ನೇ ಕರೆಸಿ ಕೇಳೋಣವೆಂದರೆ ಬಸ್ಸಿಲ್ಲ. ಹೆಂಡತಿಯ ಹೆಸರಿಗೆ ಕೊಡಿ ಎಂದರೆ, ಗಂಡನಿಗೆ ಇದ್ದರೆ ಅವಳಿಗೂ ಇದ್ದ ಹಾಗೆ ಎಂದು ಅಧಿಕಾರಿಯ ವಾದ. ಜಮೀನುದಾರರಿಗಂತೂ ಹಾಲು ಕುಡಿದಷ್ಟು ಸಂತೋಷ. ಕೊನೆಗೆ ಅಧಿಕಾರಿಗೇ ಮರುಕ ಬಂತು. "ನೋಡಿ, 'ನನಗೆ ಮನೆ ಇಲ್ಲ' ಅಂತ ಇವರು ಎಲ್ಲರೆದುರು ಒಂದು ಮಾತು ಹೇಳಲಿ. ಕೊಟ್ಟುಬಿಡ್ತೀನಿ."

ಒಂದು ಮಾತು! ಹೇಳು ಮಾರಾಯ, ಬಾಯಿಗೆ ಬೀಗ ಬಿತ್ತಾ ಎಂದು ನನಗೆ ಸಿಟ್ಟೇ ಬಂತು. ಹೆಂಡತಿ ಅವನ ಕಡೆ ತಿರುಗಲೂ ಇಲ್ಲ, ಹೇಳಿ ಎಂದೂ ಅನ್ನಲಿಲ್ಲ.

"ಇಲ್ಲ ಸಾರ್," ಎಂದ ಕೊನೆಗೆ. "ನನಗೆ ಮನೆ ಇಲ್ಲ."

ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮಳೆ ಕಳೆದು ಪೇಟೆ ತೆರೆಯಿತು, ಗುಡ್ಡೆಯಲ್ಲಿ ಗೋಡೆಗಳು ಎದ್ದವು. ಒಂದು ಬೆಳಿಗ್ಗೆ ಅವಳು ಬಂಗುಡೆ ತಂದಾಗ ನನ್ನ ನಾಲಗೆ ಸುಮ್ಮನಿರಬೇಕಲ್ಲ, "ಹೆಜಮಾಡಿಯ ಮನೆಯಲ್ಲಿ ದೈವದ ಕೋಲ ಯಾವಾಗ? ನಿಮ್ಮ ಯಜಮಾನರು ಮುಂದೆ ನಿಲ್ಲುವುದನ್ನು ನಾನೂ ನೋಡಬೇಕು," ಎಂದೆ.

ಅವಳು ಮೀನು ಆರಿಸುತ್ತಲೇ ಹೇಳಿದಳು: "ಇನ್ನು ಅವರ ತಮ್ಮ ನಿಲ್ಲುವುದಂತೆ ಟೀಚರೇ. ಮನೆಯೇ ಇಲ್ಲ ಅಂದವನನ್ನು ಮನೆಗೆ ಕರೆಯುವುದು ಹೇಗೆ ಅಂತ ಅವರ ಅಕ್ಕ ಹೇಳಿ ಕಳಿಸಿದ್ದಾರೆ."