ಪಾಳಿ ತಪ್ಪಿ ಬಂದ ನೀರು

ಅವರ ಎರಡು ಪಾದಗಳೂ ಒಬ್ಬನೇ ಮನುಷ್ಯನವು ಎಂದು ನಂಬುವುದು ಕಷ್ಟವಾಗಿತ್ತು. ಎಡಗಾಲು ಒಣಗಿ, ಹಿಮ್ಮಡಿ ಒಡೆದು, ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿತ್ತು. ಬಲಗಾಲು ಬೆಳ್ಳಗೆ, ಮೆತ್ತಗೆ, ದಿನವಿಡೀ ಬಟ್ಟೆ ಒಗೆದವರ ಬೆರಳಿನ ಹಾಗೆ ಸುಕ್ಕುಗಟ್ಟಿರುತ್ತಿತ್ತು. ನಲ್ಲಿ ನೀರಿನ ವಾಲ್ವ್ ಇರುವ ಗುಂಡಿಯಲ್ಲಿ ಯಾವಾಗಲೂ ಒಂದಷ್ಟು ನೀರು ಸೋರಿ ನಿಂತಿರುತ್ತದೆ. ಅದರೊಳಗೆ ಬಲಗಾಲನ್ನು ಮಾತ್ರ ಇಳಿಸಿ, ಎಡಗಾಲನ್ನು ರಸ್ತೆಯ ಮೇಲೇ ಊರಿ, ಎದೆಮಟ್ಟದ ಕಬ್ಬಿಣದ ಕೀಲಿಯಿಂದ ಅವರು ವಾಲ್ವ್ ತಿರುವುತ್ತಿದ್ದರು. ಹೀಗಾಗಿ ಪ್ಯಾಂಟಿನ ಬಲಗಾಲು ಸದಾ ಮೊಣಕಾಲಿನವರೆಗೆ ಮಡಚಿರುತ್ತಿತ್ತು. ಪಂಚಾಯ್ತಿಯ ಮುಂದೆ ಧ್ವಜ ಹಾರಿಸುವ ದಿನವೂ ಅದು ಕೆಳಗಿಳಿದಿದ್ದನ್ನು ನಾನು ಕಂಡಿಲ್ಲ.

ಹರಿಹರದ ರಸ್ತೆಯಲ್ಲಿ ಬಸ್ಸಿಳಿದು, ಗದ್ದೆಗಳ ನಡುವೆ ಒಂದಷ್ಟು ದೂರ ನಡೆದರೆ ಸಿಗುವ ಊರಿನ ಗ್ರಾಮ ಪಂಚಾಯ್ತಿಯಲ್ಲಿ ಅವರು ನೀರು ಬಿಡುವವರು. ನಾನು ಅಲ್ಲಿನ ಕಂಪ್ಯೂಟರ್ ಆಪರೇಟರ್. ಊರೆಲ್ಲ ಅವರನ್ನು ‘ನೀರು ಬಿಡೋ ಕಾಕಾ’ ಎನ್ನುತ್ತಿತ್ತು. ನಾನೂ ಕಾಕಾ ಎಂದೇ ಕರೆದೆ. ದಾವಣಗೆರೆಯ ನಿಟ್ಟುವಳ್ಳಿಯಿಂದ ದಿನಾ ಬಂದು ಹೋಗುವ ನನಗೆ ಆ ಊರಿನಲ್ಲಿ ಸಂಬಂಧ ಹಚ್ಚಿ ಕರೆಯಲು ಬೇರೆ ಯಾರೂ ಇರಲಿಲ್ಲ. ಪಿಡಿಒ ಸಾಹೇಬರಿಗೆ ಎರಡು ಪಂಚಾಯ್ತಿಗಳ ಜವಾಬ್ದಾರಿ. ಅವರು ಮಧ್ಯಾಹ್ನಕ್ಕೆ ಎದ್ದು ಹೋದರೆ ಕಚೇರಿಯಲ್ಲಿ ಉಳಿಯುತ್ತಿದ್ದದ್ದು ನಾನು, ಪ್ರಿಂಟರು ಮತ್ತು ನನ್ನ ಊಟದ ಡಬ್ಬಿ.

ಕಾಕಾ ಊರಿಗೆ ನೀರನ್ನಷ್ಟೇ ಬಿಡುತ್ತಿರಲಿಲ್ಲ, ಸುದ್ದಿಯನ್ನೂ ಬಿಡುತ್ತಿದ್ದರು. ಬೆಳಿಗ್ಗೆ ಓಣಿಯ ತಲೆಯಲ್ಲಿ ನಿಂತು ವಾಲ್ವ್ ಗುಂಡಿಯ ಕಬ್ಬಿಣದ ಮುಚ್ಚಳಕ್ಕೆ ಕೀಲಿಯಿಂದ ಮೂರು ಏಟು ಕೊಟ್ಟರೆ ನೀರು ಬಂತು ಎಂದರ್ಥ. ಕೊಡಗಳೊಂದಿಗೆ ಹೆಂಗಸರು ಹೊರಬರುವಷ್ಟರಲ್ಲಿ ಅವರ ಕೂಗು ಶುರುವಾಗುತ್ತಿತ್ತು. “ಪಿಂಚಣಿ ನಿಂತೋರು ಆಧಾರ್ ತಗಂಡು ಪಂಚಾಯ್ತಿಗೆ ಬರ್ಬೇಕಂತೆ! ನಾಡಿದ್ದು ಗ್ರಾಮಸಭೆ ಐತೆ, ಹತ್ತು ಗಂಟಿಗೆ!”

ಗ್ರಾಮಸಭೆ ಇದ್ದದ್ದು ಹನ್ನೊಂದಕ್ಕೆ. ತಪ್ಪು ಹೇಳುತ್ತೀರಲ್ಲ ಎಂದು ನಾನು ರೇಗಿದರೆ ನಕ್ಕರು. “ಹನ್ನೊಂದು ಅಂದ್ರೆ ಹನ್ನೆರಡಕ್ಕೆ ಬರ್ತಾರ್ರಿ ಮೇಡಮ್ಮಾರೆ. ನಾನು ಈ ಊರಾಗೇ ಹುಟ್ಟಿದೋನು.”

ನನಗೆ ಆಗ ಜಂಬವೂ ಇತ್ತು, ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪಂಚಾಯ್ತಿಯ ಹೆಸರಿನಲ್ಲಿ ವಾಟ್ಸಪ್ ಗ್ರೂಪು ಮಾಡಿದವಳು ನಾನೇ. ಎಲ್ಲ ಪ್ರಕಟಣೆಗಳನ್ನೂ ಅದರಲ್ಲಿ ಹಾಕತೊಡಗಿದ ಮೇಲೆ, “ಇನ್ನು ನೀವು ಗಂಟಲು ಹರಕೊಳ್ಳೋದು ಬೇಡ ಕಾಕಾ” ಎಂದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಅವರು ಕೀಲಿಯನ್ನು ಗೋಡೆಗೆ ಆನಿಸಿ ಬಾಗಿಲಲ್ಲೇ ಕೂತರು. “ಮಾಡ್ರಿ, ಚಲೋ ಕೆಲಸನೇ. ಆದ್ರೆ ನಿಮ್ಮ ಗ್ರೂಪಿಗೆ ಯಾರು ಬಂದಾರೆ ಅಂತ ಗೊತ್ತಾಗ್ತೈತೆ, ಯಾರು ಬಂದಿಲ್ಲ ಅಂತ ಹೆಂಗೆ ಗೊತ್ತಾಗ್ಬೇಕು? ನನಗಾದ್ರೆ ಯಾರ ಮನೆ ಕೊಡ ಬರ್ಲಿಲ್ಲ ಅಂತ ನಿಂತಲ್ಲೇ ಗೊತ್ತಾಗ್ತೈತೆ. ಬಾಗಿಲು ಬಡಿದು ನೋಡ್ತೀನಿ. ಜ್ವರನೋ ಏನೋ.” ಅದೇ ದನಿಯಲ್ಲಿ ಸೇರಿಸಿದರು: “ಮತ್ತೆ ಮನ್ಯಾಗ ಮಾತಾಡೋಕೆ ಯಾರದಾರೆ? ಅದಕ್ಕೇ ಬೀದಿಯಾಗ ಕೂಗ್ತೀನಿ.”

ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಗುಡಿ ಓಣಿಯ ಕಟ್ಟಕಡೆಯ ಮನೆ ಅವರದು. ಉದ್ದನೆಯ ಓಣಿ, ಮುಂದಿನ ಮನೆಗಳೆಲ್ಲ ತುಂಬಿಕೊಂಡ ಮೇಲೆ ಉಳಿದ ನೀರು ತೆಳ್ಳಗೆ ಅವರ ನಲ್ಲಿಗೆ ಬರುತ್ತಿತ್ತು. ಕೀಲಿ ಕೈಯಲ್ಲೇ ಇಟ್ಟುಕೊಂಡ ಮನುಷ್ಯ ಇಷ್ಟು ಸಣ್ಣ ನೀರಿಗೆ ಕಾಯುವುದನ್ನು ನೋಡಿ ನಾನು ಕೇಳಿದ್ದೆ. “ನಮ್ಮ ಮನೆಗೆ ಬಂತು ಅಂದ್ರೆ ಊರಿಗೆಲ್ಲ ಬಂತು ಅಂತ ಲೆಕ್ಕ” ಎಂದಿದ್ದರು.

ಆ ವರ್ಷ ಬೇಸಿಗೆಯಲ್ಲಿ ದೂರು ಬಂತು. ಪ್ರತಿ ಓಣಿಗೂ ಮೂರು ದಿನಕ್ಕೊಮ್ಮೆ ನೀರಿನ ಪಾಳಿ. ಆದರೆ ಗುಡಿ ಓಣಿಗೆ ತಿಂಗಳಲ್ಲಿ ಎರಡು ಸಲ ಪಾಳಿಯಿಲ್ಲದ ದಿನವೂ ನೀರು ಬಿಟ್ಟಿದ್ದಾರೆ, ತನ್ನ ಓಣಿ ಅಂತ ಪಕ್ಷಪಾತ ಮಾಡುತ್ತಾರೆ ಎಂದು ಮೇಲಿನ ಓಣಿಯವರು ಬರೆದುಕೊಟ್ಟರು. ಸಾಹೇಬರು ಹೊರಟ ಕಾಲಿನಲ್ಲೇ, “ಒಂದು ಪಾಳಿ ಪಟ್ಟಿ ಮಾಡಿ ಹಚ್ಚಿಬಿಡಿ” ಎಂದರು. ನಾನು ಬಣ್ಣದ ಗೆರೆ ಹಾಕಿ ಚೆಂದದ ಪಟ್ಟಿ ಮಾಡಿದೆ. ಯಾರೂ ಹೇಳದಿದ್ದರೂ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: ‘ಯಾವುದೇ ಕಾರಣಕ್ಕೂ ಪಾಳಿ ತಪ್ಪಿಸಿ ನೀರು ಬಿಡುವಂತಿಲ್ಲ.’ ಅದು ನನ್ನದೇ ಬುದ್ಧಿ. ಗ್ರೂಪಿನಲ್ಲಿ ಹಾಕಿದಾಗ ಹೆಬ್ಬೆರಳುಗಳು ಸಾಲುಗಟ್ಟಿ ಬಂದವು. ನಾನು ಅದನ್ನು ನೋಡಿ ನೋಡಿ ಹಿಗ್ಗಿದೆ.

ವಾರ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಕಾಕಾ ಕೀಲಿ ಹೊತ್ತು ಬಾಗಿಲಲ್ಲಿ ನಿಂತರು.

“ಮೇಡಮ್ಮಾರೆ, ಗುಡಿ ಓಣಿಗೆ ಒಂದು ತಾಸು ನೀರು ಬಿಡ್ಲೇನ್ರಿ?”

“ಇವತ್ತು ಗುಡಿ ಓಣಿ ಪಾಳಿ ಅಲ್ಲವಲ್ಲ ಕಾಕಾ.”

“ಅಲ್ಲ ಅಂತ ನನಗೂ ಗೊತ್ತೈತ್ರಿ.”

“ಗೊತ್ತಿದ್ದೂ ಕೇಳ್ತೀರಲ್ಲ! ಪಾಳಿ ಅಂದರೆ ಪಾಳಿ.”

ಅವರು ಗೋಡೆಯ ಮೇಲಿನ ಪಟ್ಟಿಯನ್ನು ನಿಧಾನವಾಗಿ ಓದಿದರು. ಅವರ ತುಟಿ ಕೊನೆಯ ಸಾಲಿನ ತನಕ ಅಲುಗಿತು. “ಆಯ್ತು ಬಿಡ್ರಿ” ಎಂದು ಹೋದರು. ನಾನು ಗೆದ್ದೆ ಎಂದುಕೊಂಡೆ.

ಸಂಜೆ ಬಸ್ಸಿಗೆ ಹೋಗುವಾಗ ಗುಡಿ ಓಣಿಯ ಮೂಲಕ ಹಾದೆ. ಹೊಲದ ಬೋರಿನಿಂದ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಬರುತ್ತಿದ್ದರು. ಒಂದು ಮನೆಯ ಮುಂದೆ ಮಣ್ಣಿಗೆ ಹೋಗಿ ಬಂದ ಜನ ಕೈಕಾಲು ಧೂಳಾಗಿ, ಒಳಗೆ ಹೋಗಲಾರದೆ, ಸ್ನಾನದ ನೀರಿಗಾಗಿ ಇಳಿಬಿಸಿಲಲ್ಲಿ ನಿಂತಿದ್ದರು. ಆ ಮನೆಯ ಸೊಸೆಯೂ ಅಳುತ್ತಲೇ ಕೊಡ ಹೊರುತ್ತಿದ್ದಳು. ಜೊತೆಗಿದ್ದವಳು ನಾನು ಯಾರೆಂದು ತಿಳಿಯದೆ ನನಗೇ ಹೇಳಿದಳು: “ಸತ್ತ ಮನೆಗೆ ಕಾಕಾ ಹೇಳದೇ ನೀರು ಬಿಡೋರು. ಇವತ್ತು ಬಿಡ್ಲಿಲ್ಲ ನೋಡ್ರಿ. ಯಾರೋ ಪಂಚಾಯ್ತಿಯಾಗ ಪಟ್ಟಿ ಹಚ್ಚ್ಯಾರಂತೆ.”

ಆ ಸಂಜೆ ಬಸ್ಸಿನಲ್ಲಿ ಕೂತು ಅತ್ತೆ. ವಿಚಾರಿಸಿದ ಮೇಲೆ ತಿಳಿಯಿತು, ದೂರಿನಲ್ಲಿದ್ದ ಆ ಎರಡು ದಿನಗಳೂ ಎರಡು ಸಾವಿನ ದಿನಗಳು. ಅದು ಆ ಊರಿನಲ್ಲಿ ಅವರು ನಡೆಸಿಕೊಂಡು ಬಂದಿದ್ದ ಪದ್ಧತಿ. ಯಾವ ಓಣಿಯಲ್ಲಿ ಸಾವಾದರೂ ಪಾಳಿ ನೋಡದೆ ಆ ಓಣಿಗೆ ನೀರು ಬಿಡುವುದು. ನೀರು ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಹೆಂಗಸರು ಕೊಡ ಹಿಡಿಯುವ ಮೊದಲು ಹೊರಗೆ ಬಂದು, “ಯಾರು ಹೋದ್ರು?” ಎಂದು ಕೇಳುತ್ತಿದ್ದರು. ಮೇಲಿನ ಓಣಿಯವರಿಗೂ ಇದು ಗೊತ್ತಿತ್ತು. ಬಿಸಿಲಿನ ಸಿಟ್ಟಿನಲ್ಲಿ ಬರೆದಿದ್ದರು ಅಷ್ಟೇ. ಗೊತ್ತಿರದಿದ್ದವಳು ನಾನೊಬ್ಬಳು.

ಮರುದಿನ ಪಟ್ಟಿ ಹರಿದು ಹಾಕಿದೆ. “ಸಾವಾಗಿದೆ ಅಂತ ಒಂದು ಮಾತು ಹೇಳಬಾರದಿತ್ತಾ ಕಾಕಾ?” ಎಂದು ಅವರ ಮೇಲೇ ಹಾರಾಡಿದೆ. ತಪ್ಪು ನನ್ನದಾದಾಗ ನನ್ನ ದನಿ ಇನ್ನೂ ಏರುತ್ತದೆ.

“ಹೇಳಿದ್ರೆ ಅರ್ಜಿ ಕೊಟ್ಟಂಗೆ ಆಗ್ತಿತ್ತು ತಾಯಿ” ಎಂದರು. ಮೇಡಮ್ಮಾರೆ ಹೋಗಿ ತಾಯಿ ಆದದ್ದು ಅವತ್ತೇ. “ಸತ್ತ ಮನೆಯೋರು ನೀರು ಬೇಡಬಾರ್ದು. ಅವರು ಬಾಯಿ ಬಿಡೋದ್ರಾಗ ನೀರು ಬಂದಿರ್ಬೇಕು. ಅದೂ ಅಲ್ದೆ, ನಮ್ಮ ಓಣಿ. ನಾನೇನು ಹೇಳಿದ್ರೂ ತನ್ನ ಓಣಿಗೆ ಅಂತಿದ್ರು.”

ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ ಒಂದೊಂದು ವಾಲ್ವನ್ನೂ ತೋರಿಸಿದರು. ಮೇಲಿನ ಓಣಿಗೆ ಆರು ಸುತ್ತು ಸಾಕು, ಇಳಿಜಾರು. ಗುಡಿ ಓಣಿಗೆ ಹನ್ನೆರಡು. “ಹತ್ತಕ್ಕೇ ಬಿಗಿ ಆಗ್ತೈತೆ, ಆಯ್ತು ಅಂತ ಬಿಡಬಾರ್ದು. ಇನ್ನೆರಡು ಕೊಡ್ಬೇಕು. ಇಲ್ಲಾಂದ್ರೆ ಕಡೇ ಮನೆಗೆ ಮುಟ್ಟಲ್ಲ.” ಬರೆದುಕೊಳ್ಳಲು ಪೆನ್ನು ತೆಗೆದೆ. “ಬರೀಬ್ಯಾಡ್ರಿ, ನೆನಪಿಟ್ಕಳ್ರಿ” ಎಂದರು.

ನನ್ನ ಅವ್ವ ತೀರಿಕೊಂಡದ್ದು ಅದರ ಮುಂದಿನ ವರ್ಷ. ನಿಟ್ಟುವಳ್ಳಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ಕಚೇರಿಗೆ ಒಂದು ಫೋನು ಮಾಡಿ ಹೇಳಿದ್ದೆ, ಅಷ್ಟೇ. ಬಂಧುಗಳು ಎಂದರೆ ಬೆರಳೆಣಿಕೆ. ಬಂದವರೂ ವಾಚು ನೋಡಿಕೊಳ್ಳುತ್ತಿದ್ದರು. ನಮ್ಮ ರಸ್ತೆಗೆ ನೀರು ಬರುವುದು ಇನ್ನೂ ಎರಡು ದಿನಕ್ಕೆ. ಡ್ರಮ್ಮಿನ ತಳದಲ್ಲಿ ನಾಲ್ಕು ತಂಬಿಗೆ ನೀರಿತ್ತು. ಅವ್ವನನ್ನು ತೊಳೆಯಲು ಅದು ಸಾಲದು. ಪಕ್ಕದ ಮನೆಯವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅಡುಗೆಮನೆಯಲ್ಲಿ ಖಾಲಿ ಬಿಂದಿಗೆ ಹಿಡಿದು ಸುಮ್ಮನೆ ನಿಂತಿದ್ದೆ.

ಅಷ್ಟರಲ್ಲಿ ಅಂಗಳದ ನಲ್ಲಿ ಕೆಮ್ಮಿತು. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ. ಪಾಳಿಯಿಲ್ಲದ ದಿನ, ಮಟಮಟ ಮಧ್ಯಾಹ್ನ. ನಾನು ಹೊರಗೆ ಓಡಿ ಬಂದು ರಸ್ತೆಯ ತುದಿಯತ್ತ ನೋಡಿದೆ. ಸಿಟಿಯ ನೀರು ಬಿಡುವವನ ಪಕ್ಕದಲ್ಲಿ, ಒಂದು ಕಾಲಿನ ಪ್ಯಾಂಟು ಮಡಚಿಕೊಂಡು, ಕಾಕಾ ನಿಂತಿದ್ದರು. ಸುದ್ದಿ ಕೇಳಿ ಹರಿಹರದ ಕಡೆಯಿಂದ ಬಂದ ಬಸ್ಸು ಹತ್ತಿ, ನಮ್ಮ ಮನೆಗೂ ಬರದೆ, ಮೊದಲು ಆ ಮನುಷ್ಯನನ್ನು ಹುಡುಕಿದ್ದರು. ನೀರು ಬಂದ ಮೇಲೆಯೇ ಮನೆಗೆ ಬಂದು ಗೋಡೆಯ ಪಕ್ಕ ಕೂತರು. ಎಲ್ಲರೂ ಹೋದ ಮೇಲೂ ಸ್ವಲ್ಪ ಹೊತ್ತು ಕೂತಿದ್ದು, ಕಡೇ ಬಸ್ಸಿಗೆ ಎದ್ದರು. ಗುರುತಿಲ್ಲದ ಆ ಸಿಟಿಯವನು ನಿಮ್ಮ ಮಾತು ಹೇಗೆ ಕೇಳಿದ ಎಂದರೆ, “ಕೀಲಿ ಹಿಡಿಯೋರು ಕೀಲಿ ಹಿಡಿಯೋರ ಮಾತು ಕೇಳ್ತಾರೆ ತಾಯಿ” ಎಂದರು.

ಆ ಮನೆಯಲ್ಲಿ ಈಗಲೂ ನಾನೊಬ್ಬಳೇ ಇದ್ದೇನೆ. ನೀರು ಬರುವ ದಿನ ಬೇಕೆಂದೇ ನಲ್ಲಿ ತಿರುವಿ ಬಿಟ್ಟಿರುತ್ತೇನೆ. ಬಕೆಟ್ಟು ತುಂಬುವಷ್ಟು ಹೊತ್ತು ಮನೆಯಲ್ಲಿ ಯಾರೋ ಇದ್ದಂತಿರುತ್ತದೆ.

ಹೋದ ವರ್ಷ ಕಾಕಾ ಜ್ವರ ಹತ್ತಿ ಮಲಗಿದರು. ಅವರ ಕೊಡ ಬರಲಿಲ್ಲ ಎಂದು ಗಮನಿಸುವವರು ಯಾರೂ ಇರಲಿಲ್ಲ, ಏಕೆಂದರೆ ಗಮನಿಸುತ್ತಿದ್ದವರು ಅವರೇ. ನೀರು ಬಾರದ್ದಕ್ಕೆ ಮೋಟರು ಕೆಟ್ಟಿರಬೇಕು ಎಂದುಕೊಂಡಿತು ಊರು. ಎರಡು ದಿನ ತಡವಾಗಿ ತಿಳಿದು, ದಾವಣಗೆರೆಯ ಆಸ್ಪತ್ರೆಗೆ ಸೇರಿಸಿ, ಮಾಯಕೊಂಡದಲ್ಲಿದ್ದ ಅವರ ತಂಗಿಯನ್ನು ಕರೆಸಿದೆವು. ಪಂಚಾಯ್ತಿ ಬೇರೊಬ್ಬನನ್ನು ತಾತ್ಕಾಲಿಕವಾಗಿ ನೀರು ಬಿಡಲು ಹಾಕಿತು. ನಾನು ಸಂಜೆ ಸಂಜೆ ಆಸ್ಪತ್ರೆಗೆ ಹೋಗುತ್ತಿದ್ದೆ. ಹೊದಿಕೆಯ ಹೊರಗೆ ಚಾಚಿದ್ದ ಬಲಗಾಲು ಮೊದಲ ಬಾರಿಗೆ ಒಣಗಿ, ಎಡಗಾಲಿನ ಹಾಗೆಯೇ ಆಗಿತ್ತು.

“ಇವತ್ತು ಗುಡಿ ಓಣಿ ಪಾಳಿ. ಬಂತಾ?” ಎಂದು ಕೇಳಿದರು.

“ಬಂತು ಕಾಕಾ.”

“ನಮ್ಮ ಮನೆತನಕ ಮುಟ್ತಾ?”

ನಾನು ನೋಡಿರಲಿಲ್ಲ. “ಮುಟ್ಟಿತು” ಎಂದೆ.

“ಹಂಗಾದ್ರೆ ಊರಿಗೆಲ್ಲ ಬಂತು ಬಿಡು” ಎಂದು ಕಣ್ಣು ಮುಚ್ಚಿದರು. ನಾನು ಕೇಳಿದ ಅವರ ಕೊನೆಯ ಮಾತು ಅದೇ. ಮರುದಿನ ಬೆಳಿಗ್ಗೆ ತಂಗಿಯ ಫೋನು ಬಂತು.

ನಾನು ಕಚೇರಿಗೆ ಹೋದವಳೇ ಗ್ರೂಪಿನಲ್ಲಿ ಸುದ್ದಿ ಹಾಕಿದೆ. ಮುಗಿದ ಕೈಗಳ ಚಿತ್ರಗಳು ಒಂದರ ಕೆಳಗೊಂದು ಬಂದವು. ಮಧ್ಯಾಹ್ನ ಹೊಲದ ಕಡೆಯ ದಾರಿಯಿಂದ ಆಂಬುಲೆನ್ಸು ಬಂದು ಅವರನ್ನು ಮನೆಯಲ್ಲಿ ಇಳಿಸಿ ಹೋಯಿತು. ನಾನು ಹೋಗುವ ಹೊತ್ತಿಗೆ ಅಲ್ಲಿದ್ದದ್ದು ಮೂರೋ ನಾಲ್ಕೋ ಜನ. ಅವರ ತಂಗಿ ಖಾಲಿ ಕೊಡ ಹಿಡಿದು ಒಣಗಿದ ನಲ್ಲಿಯ ಮುಂದೆ ನಿಂತಿದ್ದಳು. ನಲ್ಲಿ ತೆರೆದೇ ಇತ್ತು, ಆದರೂ ಅದರ ಕೆಳಗಿಟ್ಟ ಡ್ರಮ್ಮಿನಲ್ಲಿ ಒಂದು ಹನಿಯೂ ಇರಲಿಲ್ಲ. ಹೊಸಬ ಹತ್ತು ಸುತ್ತಿಗೇ ನಿಲ್ಲಿಸಿರಬೇಕು. ನೀರು ಕಡೇ ಮನೆಗೆ ಮುಟ್ಟೇ ಇರಲಿಲ್ಲ. ಸಾಯುವ ಮನುಷ್ಯನಿಗೆ ನಾನು ಸುಳ್ಳು ಹೇಳಿ ಕಳಿಸಿದ್ದೆ.

ಕಚೇರಿಗೆ ಓಡಿದೆ. ಕೀಲಿ ಅವರು ಆನಿಸಿಡುತ್ತಿದ್ದ ಗೋಡೆಯ ಬಳಿಯೇ ಇತ್ತು. ಹೊಸಬ ಊಟಕ್ಕೆ ಹೋಗಿದ್ದ. ಯಾರನ್ನೂ ಕೇಳಲಿಲ್ಲ. ಅಷ್ಟು ಭಾರವೆಂದು ಗೊತ್ತಿರಲಿಲ್ಲ. ಎರಡು ಕಡೆ ಇಳಿಸಿ, ಮತ್ತೆ ಹೊತ್ತು, ಗುಡಿ ಓಣಿಯ ತಲೆಗೆ ಬಂದೆ. ಚೂಡಿದಾರದ ಬಲಗಾಲನ್ನು ಮೊಣಕಾಲಿನವರೆಗೆ ಮಡಚಿ, ಆ ಕಾಲನ್ನು ಗುಂಡಿಗೆ ಇಳಿಸಿದೆ. ಒಳಗಿನ ನೀರು ತಣ್ಣಗಿತ್ತು. ಒಂದು, ಎರಡು ಎಂದು ಜೋರಾಗಿಯೇ ಎಣಿಸುತ್ತ ತಿರುವಿದೆ. ಹತ್ತಕ್ಕೆ ಬಿಗಿಯಾಯಿತು. ಮೈಯೆಲ್ಲ ಭಾರ ಹಾಕಿ ಇನ್ನೆರಡು ಕೊಟ್ಟೆ. ಆಮೇಲೆ ಮುಚ್ಚಳಕ್ಕೆ ಮೂರು ಏಟು ಹಾಕಿದೆ.

ಪಾಳಿಯ ದಿನವಲ್ಲ, ನೀರಿನ ಹೊತ್ತೂ ಅಲ್ಲ. ಒಂದೊಂದೇ ಬಾಗಿಲು ತೆರೆಯಿತು. ಹೆಂಗಸರು ಬರಿಗೈಯಲ್ಲಿ ಹೊರಗೆ ಬಂದರು. ನನ್ನ ಗ್ರೂಪಿನಲ್ಲಿ ಇಲ್ಲದವರು ಇವರೇ.

“ಯಾರು ಹೋದ್ರು?” ಎಂದರು ಮೊದಲ ಮನೆಯಾಕೆ.

ನಾನು ಓಣಿಯ ಕಡೇ ಮನೆಯತ್ತ ತಿರುಗಿದೆ. ಕೈಯಲ್ಲಿದ್ದ ಕೀಲಿಯನ್ನು ಅವರು ನೋಡಿದರು, ಮಡಚಿದ ನನ್ನ ಕಾಲನ್ನು ನೋಡಿದರು. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿ ಕೊಡ ತಂದರು. ತುಂಬಿದ್ದನ್ನು ಮನೆಯೊಳಗೆ ಒಯ್ಯಲಿಲ್ಲ; ಸೊಂಟಕ್ಕಿಟ್ಟುಕೊಂಡು ಓಣಿಯ ಕೆಳಗೆ ನಡೆದರು. ಹಿಂದೆಯೇ ಎರಡನೆಯ ಮನೆಯವರು, ಮೂರನೆಯ ಮನೆಯವರು. ಅವತ್ತು ಗುಡಿ ಓಣಿಯ ನೀರು ಮೊದಲು ಮುಟ್ಟಿದ್ದು ಕಡೇ ಮನೆಗೆ.